ನಮ್ಮನೆ ಬ್ಯಾಟರಿ

ಪೇಟೆಯಲ್ಲಿರುವ ನಿಮಗೆ ಟಾರ್ಚೆಂದರೆ ಕರೆಂಟು ಹೋದಾಗ ನೆನಪಾಗುವ ವಸ್ತು. ಆಲೂರಿನಿಂದ ಸಕಲೇಶಪುರದ ಕಡೆಗಿನ ನಮ್ಮ ತೋಟಗಳಲ್ಲಿ ಕತ್ತಲಾದ ಮೇಲೆ ಕೊಟ್ಟಿಗೆಗೆ ಹೋಗಬೇಕಾದರೂ ಅದು ಕೈಯಲ್ಲಿರಬೇಕು. ನಮ್ಮ ಕಡೆ ಅದಕ್ಕೆ ಬ್ಯಾಟರಿ ಎಂದೇ ಹೆಸರು. 2014ರಲ್ಲಿ ಆಲೂರಿನ ಸುತ್ತಮುತ್ತ 22 ಆನೆಗಳನ್ನು ಹಿಡಿದು ಸಾಗಿಸಿದರು, ಆನೆಕಾಟವೇನೂ ನಿಲ್ಲಲಿಲ್ಲ. ದಸರೆಯಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನನೇ 2023ರ ಡಿಸೆಂಬರಿನಲ್ಲಿ ಯಸಳೂರಿನ ಕಾಡಿನಲ್ಲಿ ಕಾಡಾನೆಯೊಂದಿಗೆ ಕಾದಾಡಿ ಪ್ರಾಣಬಿಟ್ಟ ಮೇಲೆ ನಮ್ಮಂಥವರ ಮಾತೇನು?

ಮಾವನವರ ಕಾಲದ ಮೂರು ಸೆಲ್ಲಿನ ಹಿತ್ತಾಳೆ ಬ್ಯಾಟರಿ ಈಗ ಅಟ್ಟ ಸೇರಿದೆ. ಬಳಸುತ್ತಿರುವುದು ತಮ್ಮನ ಮಗ ತಂದುಕೊಟ್ಟ, ಗೇಣುದ್ದವೂ ಇಲ್ಲದ ಎಲ್‌ಇಡಿ ಟಾರ್ಚು. ಒಂದೇ ಸೆಲ್ಲು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಅದಕ್ಕೇ 18650 ಎಂದು ಹೆಸರು. ಬೆಳಕು ಗದ್ದೆಯಾಚೆಯ ಬೇಲಿ ಮುಟ್ಟುತ್ತದೆ.

ಕಳೆದ ಮಳೆಗಾಲದ ಒಂದು ರಾತ್ರಿ ಗೇಟಿನ ಹತ್ತಿರ ಸದ್ದಾಯಿತೆಂದು ನಮ್ಮ ಯಜಮಾನರು ಹೋದರು. ಕಾಫಿ ಗಿಡಗಳ ನಡುವೆ ಬೆಳಕು ಎರಡು ಸಲ ಮಿನುಗಿ ಆರಿಹೋಯಿತು. ನಾನು ಜಗಲಿಯಲ್ಲಿ ನಿಂತಿದ್ದೆ. ಕೂಗಿದರೆ ಅವರು ಓಗೊಡುತ್ತಾರೆ, ಅದನ್ನು ಇನ್ನೊಂದು ಕೇಳಿಸಿಕೊಂಡರೆ? ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತೆ. ಮುಕ್ಕಾಲು ಗಂಟೆಯ ಮೇಲೆ ಬಂದರು, ಪಂಚೆಯೆಲ್ಲ ಕೆಸರು. "ಕಿವಿ ಬಡಿಯೋ ಸದ್ದು ಕೇಳ್ತಿತ್ತು ಕಣೇ" ಎಂದಷ್ಟೇ ಹೇಳಿ, ಟಾರ್ಚನ್ನು ಮೇಜಿನ ಮೇಲೆ ಕುಕ್ಕಿ ಮಲಗಿದರು.

ನನಗೆ ನಿದ್ದೆ ಬರಲಿಲ್ಲ. ಆ ಟಾರ್ಚು ಎರಡು ತಿಂಗಳಿಂದ ಮಿನುಗುತ್ತಿತ್ತು. ಅಂಗೈಗೆ ಬಡಿದರೆ ಹತ್ತುತ್ತಿತ್ತು. ಬಡಿದು ಬಡಿದು ಅವರ ಕೈಗೆ ಕೊಡುತ್ತಿದ್ದವಳು ನಾನೇ.

ಬೆಳಿಗ್ಗೆ "ಎಸೆದುಬಿಡು, ಹೊಸದು ತರೋಣ" ಎಂದರು. ನಾನು ಎಸೆಯಲಿಲ್ಲ. ಓದಿದ್ದು ಬಿ.ಎ. ಆದರೂ ವಿಜ್ಞಾನದ ಮೇಷ್ಟ್ರು ರಜೆ ಹಾಕಿದಾಗಲೆಲ್ಲ ವಿದ್ಯುತ್ ಮಂಡಲದ ಪಾಠ ಮಾಡಿದವಳು, ಬೋರ್ಡಿನ ಮೇಲೆ! ತಮ್ಮನ ಮಗನಿಗೆ ಫೋನು ಮಾಡಿದೆ. "ಅತ್ತೆ, ಹಿಂದಿನ ಮುಚ್ಚಳ ತೆಗೆದು, ಸೆಲ್ಲಿನ ಹಿಂಭಾಗಕ್ಕೂ ಟಾರ್ಚಿನ ಅಂಚಿಗೂ ಒಂದು ಲೋಹದ ಚೂರು ಮುಟ್ಟಿಸಿ" ಎಂದ. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ಸ್ವಿಚ್ಚೇ ಇಲ್ಲದೆ ಒಂದು ಕ್ಷಣ ಮುಟ್ಟಿಸಿದೆ. ಝಗ್ಗೆಂದು ಹತ್ತಿತು! ಅಂದರೆ ಸೆಲ್ಲೂ ಸರಿ, ತಲೆಯೂ ಸರಿ, ಕಾಯಿಲೆ ಮುಚ್ಚಳದ್ದು.

ಇದರಲ್ಲಿ ತಂತಿಯ ಕೆಲಸವನ್ನು ಟಾರ್ಚಿನ ಮೈಯೇ ಮಾಡುತ್ತದೆ. ಹೊರಗಿನ ಕಪ್ಪು ಬಣ್ಣದ ಪದರದಲ್ಲಿ ವಿದ್ಯುತ್ ಹರಿಯದು. ಬರೀ ಲೋಹ ಕಾಣುವ ಅಂಚು ಮುಚ್ಚಳದೊಳಗೆ ಒತ್ತಿ ಕೂತರೆ ಮಾತ್ರ ಹರಿಯುತ್ತದೆ. ಅಲ್ಲಿ ಕಾಡಿಗೆಯಂಥ ಜಿಡ್ಡು. ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ಒರೆಸಿದೆ. ಮುಚ್ಚಳದ ಒಳಗೆ, ಸ್ವಿಚ್ಚನ್ನು ಹಿಡಿದಿಡುವ ಎರಡು ತೂತಿನ ಬಿಲ್ಲೆಯೊಂದಿದೆ. ಚಿಮುಟದ ಎರಡು ತುದಿ ಇಟ್ಟು ತಿರುಗಿಸಿದರೆ ಸಡಿಲವಾಗಿ ಆಡುತ್ತಿತ್ತು. ಒಂದೂವರೆ ಸುತ್ತು ಬಿಗಿಮಾಡಿದೆ. ಆ ಒಂದೂವರೆ ಸುತ್ತಿಗೆ ಮುಕ್ಕಾಲು ಗಂಟೆಯ ಕತ್ತಲು!

ಆಮೇಲೆ ನನಗೆ ಹುಚ್ಚೇ ಹಿಡಿಯಿತೆನ್ನಿ. ಕೊಟ್ಟಿಗೆಯ ಟಾರ್ಚಿನ ಗಾಜಿಗೆ ಮಸುಕು ಟೇಪು ಅಂಟಿಸಿದೆ. ಬೆಳಕು ಹರಡಿ, ಹಸುವಿನ ಕಣ್ಣಿಗೆ ಚುಚ್ಚುವುದು ತಪ್ಪಿತು. ದೀಪಾವಳಿಗೆ ಬಂದ ಹುಡುಗ ದೊಡ್ಡದರ ಎಲ್‌ಇಡಿಯನ್ನೇ ಬದಲಿಸಿ ಹಳದಿ ಬೆಳಕಿನದನ್ನು ಕೂರಿಸಿಕೊಟ್ಟ. ಎಲ್‌ಇಡಿಯ ನಡುವೆ ಕಾಣುವ ಹಳದಿ ಚುಕ್ಕೆ ಒಂದು ಲೇಪ, ಅದರಡಿಯಲ್ಲಿ ಹತ್ತುವುದು ನೀಲಿ ದೀಪ. ಆ ನೀಲಿಯನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಂತು. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎನ್ನುತ್ತಾರೆ. ನನಗೇನೂ ಹಾಗೆ ಕಾಣಲಿಲ್ಲ. ಮಂಜಿನಲ್ಲಿ ಟಾರ್ಚನ್ನು ಕಣ್ಣಿನ ಮಟ್ಟ ಬಿಟ್ಟು ಸೊಂಟದ ಹತ್ತಿರ ಹಿಡಿದರೆ ಎದುರಿನ ಬಿಳಿ ಗೋಡೆ ತುಸು ಕರಗುತ್ತದೆ, ಅಷ್ಟೆ. ಆದರೆ ಹಳದಿಯಲ್ಲಿ ಮಣ್ಣು ಮಣ್ಣಾಗಿ, ಎಲೆ ಎಲೆಯಾಗಿ ಕಾಣುತ್ತದೆ. ಬಿಳಿಯಲ್ಲಿ ಎಲ್ಲವೂ ಬೂದು, ಆನೆಯೂ ಬೂದು.

ಒಂದು ಎಚ್ಚರ ಮಾತ್ರ ಬೇಕು. ಆ ಸೆಲ್ಲಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿದಿದ್ದರೆ ಬಳಸಬೇಡಿ. ಹಳತಾಯಿತೆಂದು ಒಲೆಗಂತೂ ಹಾಕಲೇಬೇಡಿ, ಸಿಡಿದೀತು.

ಈಗ ಯಜಮಾನರು ಹೊರಡುವ ಮುನ್ನ ಟಾರ್ಚನ್ನು ನನ್ನ ಕೈಗೆ ಕೊಟ್ಟು ಕಾಯುತ್ತಾರೆ. ಮುಚ್ಚಳ ಬಿಗಿದು, ಹತ್ತಿಸಿ, ಅಂಗೈಗೆ ನಾಲ್ಕು ಸಲ ಬಡಿಯುತ್ತೇನೆ. ಆರದಿದ್ದರೆ ಮಾತ್ರ ವಾಪಸು. ಅವರು ಗೇಟಿನಿಂದ ತಿರುಗಿ, ಆ ಹಳದಿ ಬೆಳಕು ಸಿಲ್ವರ್ ಮರಗಳ ಈಚೆ ಬರುವ ತನಕ ಜಗಲಿ ಬಿಟ್ಟು ಒಳಗೆ ಹೋಗುವುದಿಲ್ಲ.