ಐದು ತಾಲ್ಲೂಕು, ಒಂದು ರಾತ್ರಿಯ ವಸತಿ

ಹೊಸಪೇಟೆಯಿಂದ ಚಿತ್ರದುರ್ಗದ ಕಡೆ ಸಾಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಕೂಡ್ಲಿಗಿ ಸಿಗುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿದರೆ ಕೊಟ್ಟೂರು. ಅದರ ಉತ್ತರಕ್ಕೆ ಹಗರಿಬೊಮ್ಮನಹಳ್ಳಿ, ಇನ್ನಷ್ಟು ಪಶ್ಚಿಮಕ್ಕೆ ಹೋದರೆ ಮಲ್ಲಿಗೆಗೆ ಹೆಸರಾದ ಹೂವಿನಹಡಗಲಿ, ಹಡಗಲಿಯ ದಕ್ಷಿಣಕ್ಕೆ ಹರಪನಹಳ್ಳಿ. ಹಿಂದೆ ಇವೆಲ್ಲ ಬಳ್ಳಾರಿ ಜಿಲ್ಲೆಯ 'ಪಶ್ಚಿಮ ತಾಲ್ಲೂಕುಗಳು'. ನಡುವೆ 1997ರಲ್ಲಿ ಹರಪನಹಳ್ಳಿ ದಾವಣಗೆರೆಗೆ ಹೋಗಿ ಮತ್ತೆ ತವರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಐದೂ ಅದರ ಪಾಲಾದವು.

ನೋಡಲು ಇಲ್ಲೇನಿದೆ ಎಂದು ಕೇಳುವವರು ನಮ್ಮ ಸೀಮೆಗೆ ಬಂದವರಲ್ಲ. ಹರಪನಹಳ್ಳಿಯ ಪಕ್ಕದ ಬಾಗಳಿಯಲ್ಲಿ ಸಾವಿರ ವರ್ಷದ ಕಲ್ಲೇಶ್ವರ ದೇಗುಲವಿದೆ. ಹಡಗಲಿ ತಾಲ್ಲೂಕಿನ ಮಾಗಳದಲ್ಲಿ ಸೂರ್ಯನಾರಾಯಣ, ಕುರುವತ್ತಿಯಲ್ಲಿ ಮಲ್ಲಿಕಾರ್ಜುನ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಪಾಳೇಗಾರರ ಕೋಟೆಯೂ ಇದೆ, ಕರಡಿಗಳೂ ಇವೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯಂತೂ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿ ಅಂತರರಾಷ್ಟ್ರೀಯ ಕೆರೆಯಾಯಿತು. ಅದರ ವಿಸ್ತೀರ್ಣ 98.76 ಹೆಕ್ಟೇರು, ಜಾಲಿಮರಗಳ ತುಂಬ ಹಕ್ಕಿಗಳ ಸಂಸಾರ.

ಇಷ್ಟೆಲ್ಲ ಇದ್ದೂ ಸಂಜೆಯಾದೊಡನೆ ಪ್ರವಾಸಿಗರ ಕಾರುಗಳು ಹೊಸಪೇಟೆಯತ್ತಲೋ ದಾವಣಗೆರೆಯತ್ತಲೋ ಮುಖ ಮಾಡುತ್ತವೆ. ಹಕ್ಕಿ ನಮ್ಮದು, ಹಣ ಅವರದು! ನಮ್ಮ ಕಡೆ 'ಹೋಟೆಲ್' ಎಂದರೆ ಉಣ್ಣುವ ಜಾಗ. ಇಡ್ಲಿ, ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿಗೆ ಈ ಐದೂ ಊರುಗಳಲ್ಲಿ ಕೊರತೆಯಿಲ್ಲ. ಮಲಗುವ ಜಾಗಕ್ಕೆ ನಾವು 'ಲಾಡ್ಜ್' ಎನ್ನುತ್ತೇವೆ, ಅಂಥವು ಬಸ್ ನಿಲ್ದಾಣದ ಆಸುಪಾಸಿನಲ್ಲಿ ಬೆರಳೆಣಿಕೆಯಷ್ಟು. ಶಾಲಾ ಪ್ರವಾಸದ ಅರವತ್ತು ಮಕ್ಕಳನ್ನು ಕರೆತರುವ ಮೇಷ್ಟರಿಗೆ ಕಲ್ಯಾಣ ಮಂಟಪವೋ ಮಠದ ಛತ್ರವೋ ಗತಿ. ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ ಇದೆಯೇ ಎಂಬುದು ದೇವಸ್ಥಾನದ ಶಿಲ್ಪಕ್ಕಿಂತ ಮೊದಲು ವಿಚಾರಿಸಬೇಕಾದ ವಿಷಯ.

ಹಾಗಾದರೆ ಯಾರೂ ಬಂಡವಾಳ ಹಾಕುವುದಿಲ್ಲವೇಕೆ? 'ಕೊಟ್ಟೂರು ಜಾತ್ರೆಗೆ, ಮೈಲಾರದ ಕಾರಣಿಕಕ್ಕೆ ಲಕ್ಷಾಂತರ ಜನ ಸೇರುತ್ತಾರಲ್ಲ' ಎಂದು ಕೇಳುವವರಿದ್ದಾರೆ. ಸೇರುತ್ತಾರೆ, ನಿಜ. ಆದರೆ ಮೈಲಾರಕ್ಕೆ ಬಂದವರು ಬಂಡಿ ಬಿಟ್ಟಲ್ಲೇ ಒಲೆ ಹೂಡಿ, ಬಂಡಿಯ ಕೆಳಗೇ ಮಲಗಿ ಎದ್ದು ಹೋಗುತ್ತಾರೆ. ದಾವಣಗೆರೆಯಿಂದ ಕೊಟ್ಟೂರಿಗೆ ನಡೆದು ಬರುವ ಭಕ್ತರೂ ಕೋಣೆ ಹುಡುಕುವವರಲ್ಲ. ಹುಡುಕಿದರೂ ಅದೆಷ್ಟು ರಾತ್ರಿ?

ಇಲ್ಲೊಂದು ಲೆಕ್ಕ ಮಾಡೋಣ. ಹತ್ತನೇ ತರಗತಿಯ ಹುಡುಗರೂ ಪೆನ್ಸಿಲ್ ಹಿಡಿಯಬಹುದು. ಅಂಕಿಗಳು ಕೇವಲ ಉದಾಹರಣೆಗೆ. ನಿವೇಶನ, ಕಟ್ಟಡ, ಮಂಚ, ಹಾಸಿಗೆ ಎಲ್ಲ ಸೇರಿ ಕೋಣೆಯೊಂದಕ್ಕೆ 10 ಲಕ್ಷ ರೂಪಾಯಿ ಬೀಳುವ 20 ಕೋಣೆಗಳ ವಸತಿಗೃಹ ಎಂದಿಟ್ಟುಕೊಳ್ಳಿ. ಬಂಡವಾಳ 2 ಕೋಟಿ. ಅದು ಬ್ಯಾಂಕಿನದಾಗಲಿ ಸ್ವಂತದ್ದಾಗಲಿ, ಶೇ 9ರಂತೆ ವರ್ಷದ ಬಡ್ಡಿ 18 ಲಕ್ಷ. ಸಂಬಳ, ದುರಸ್ತಿ, ಕಂದಾಯ ಎಂದು ಕೋಣೆ ತುಂಬಲಿ ಬಿಡಲಿ ಆಗುವ ಖರ್ಚು 14 ಲಕ್ಷ. ದಿನದ ಬಾಡಿಗೆ 1,200 ರೂಪಾಯಿ, ಅದರಲ್ಲಿ ಬಿಸಿನೀರು, ಬಟ್ಟೆ ಒಗೆತ ಇತ್ಯಾದಿಗೆ 250 ಹೋದರೆ ಉಳಿಯುವುದು 950. ಒಟ್ಟು 32 ಲಕ್ಷವನ್ನು 950ರಿಂದ ಭಾಗಿಸಿದರೆ ಸುಮಾರು 3,368 ಬರುತ್ತದೆ. ಅಂದರೆ ವರ್ಷವಿಡೀ, ಮಳೆಗಾಲ ಬೇಸಿಗೆ ಎನ್ನದೆ, ಪ್ರತಿ ರಾತ್ರಿ ಒಂಬತ್ತಕ್ಕಿಂತ ಹೆಚ್ಚು ಕೋಣೆ ತುಂಬಬೇಕು. ಆಗ ಲಾಭವೂ ಇಲ್ಲ, ನಷ್ಟವೂ ಇಲ್ಲ. ಇನ್ನು ಜಾತ್ರೆಯ ಮೂರು ರಾತ್ರಿ ಇಪ್ಪತ್ತೂ ಕೋಣೆ ತುಂಬಿದರೆ ಸಿಗುವುದು ಬರೀ 60! ಈ 60ಕ್ಕೂ ಆ 3,368ಕ್ಕೂ ಇರುವ ಅಂತರದಲ್ಲೇ ನಮ್ಮೂರುಗಳಲ್ಲಿ ಲಾಡ್ಜ್ ಏಳದಿರುವುದರ ಕಾರಣವಿದೆ. ಕಾಸಿರುವವರು ಅದೇ ನಿವೇಶನದಲ್ಲಿ ಕಲ್ಯಾಣ ಮಂಟಪ ಕಟ್ಟುತ್ತಾರೆ. ಅವರ ಗಣಿತ ತಪ್ಪಲ್ಲ.

ಗಣಿತ ಸರಿಯಿದ್ದೂ ಮುಳುಗಿದವರ ಕಥೆ ಬೇರೆ. ಅದಕ್ಕೆ ನಮ್ಮ ಜಿಲ್ಲೆಯ ಗಡಿ ದಾಟಿ, ಹಂಪಿಯ ವಿರೂಪಾಕ್ಷ ದೇವಾಲಯದೆದುರಿನ ಹೊಳೆಯಾಚೆ ನೋಡಬೇಕು. ಅಲ್ಲಿರುವುದು ಕೊಪ್ಪಳ ಜಿಲ್ಲೆಯ ವಿರೂಪಾಪುರಗಡ್ಡೆ. ತುಂಗಭದ್ರೆಯ ನಡುವಿನ ಈ ನಡುಗಡ್ಡೆಯಲ್ಲಿ ವಿದೇಶಿಯರು ತಿಂಗಳುಗಟ್ಟಲೆ ತಂಗುತ್ತಿದ್ದರು. ಭತ್ತದ ಗದ್ದೆಯ ಅಂಚಿನಲ್ಲಿ ಗುಡಿಸಲು, ಗುಡಿಸಲ ಮುಂದೆ ಜೋಲಿ, ಪಕ್ಕದಲ್ಲಿ ಊಟದ ಮನೆ ಎಂದು ಒಂದೊಂದೇ ಎದ್ದವು. ಕೋಣೆಗಳು ತುಂಬುತ್ತಲೂ ಇದ್ದವು. ಆದರೆ ಹಂಪಿ 1986ರಲ್ಲೇ ವಿಶ್ವ ಪರಂಪರೆಯ ತಾಣವಾಗಿತ್ತು. 1988ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ತನ್ನ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಅಧಿಸೂಚನೆ ಹೊರಡಿಸಿತ್ತು. 2002ರಲ್ಲಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕೆಂದೇ ಪ್ರತ್ಯೇಕ ಕಾಯ್ದೆ ಬಂತು.

ತೆರವಿಗೆ ನೋಟಿಸು ಬಂದಾಗ ಮಾಲೀಕರು ನ್ಯಾಯಾಲಯಕ್ಕೆ ಹೋದರು. ಅಧಿಸೂಚನೆ ರಕ್ಷಿಸುವುದು ಸ್ಮಾರಕಗಳನ್ನಷ್ಟೇ, ನಮ್ಮ ಗಡ್ಡೆಯನ್ನಲ್ಲ ಎಂಬುದು ಅವರ ವಾದ. 2015ರಲ್ಲಿ ಹೈಕೋರ್ಟ್ ಒಪ್ಪಲಿಲ್ಲ. 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್ ಕೂಡ ಇಡೀ ಗಡ್ಡೆಯೇ ರಕ್ಷಿತ ಪ್ರದೇಶ ಎಂದಿತು. ಮಾರ್ಚ್‌ನಲ್ಲಿ ಜೆಸಿಬಿಗಳು ಬಂದವು. ಮೂವತ್ತೆರಡು ವರ್ಷ ಹಿಂದಿನ ಒಂದು ಕಾಗದ ಕಟ್ಟಡಗಳನ್ನು ಕೆಡವಿತು. ತೀರ್ಪು ಸರಿ ಎಂದೇ ನನ್ನ ಅಭಿಪ್ರಾಯ, ಹಂಪಿಯಂಥದ್ದು ಇನ್ನೊಂದಿಲ್ಲ. ಆದರೆ ಅಷ್ಟು ವರ್ಷ ಕಟ್ಟಲು ಬಿಟ್ಟು, ದುಡಿಯಲು ಬಿಟ್ಟು, ಕೊನೆಗೆ ಕೆಡವುವ ಆಡಳಿತದ ನಿಧಾನವನ್ನು ಮೆಚ್ಚಲಾಗದು. ಅಲ್ಲಿ ಅಡುಗೆ ಮಾಡುತ್ತಿದ್ದ, ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಕ್ಕಳು ಯಾವ ಅಧಿಸೂಚನೆಯನ್ನೂ ಓದಿದವರಲ್ಲ.

ನಮ್ಮ ಐದು ತಾಲ್ಲೂಕುಗಳಿಗೆ ಈ ಕಥೆ ದೂರದ್ದೇನಲ್ಲ. ಅಂಕಸಮುದ್ರಕ್ಕೆ ಹೆಸರು ಬಂದಿದೆ. ಬಾಗಳಿಗೆ ಬರುವ ಕಾರುಗಳೂ ಇವೆ. ನಾಳೆ ಯಾರಾದರೂ 'ನಿಮ್ಮ ಹೊಲದಲ್ಲಿ ರೆಸಾರ್ಟ್ ಮಾಡೋಣ, ಪಾಲು ಕೊಡುತ್ತೇವೆ' ಎಂದು ರೈತರ ಮನೆಗೆ ಬಂದರೆ ಆಶ್ಚರ್ಯವಿಲ್ಲ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಬಾರದೆಂಬ ನಿರ್ಬಂಧವನ್ನು ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿ ತೆಗೆದುಹಾಕಿದೆ. ಆದರೆ ಕೊಳ್ಳುವುದು ಬೇರೆ, ಕಟ್ಟುವುದು ಬೇರೆ. ಹೊಲದಲ್ಲಿ ಹೋಟೆಲ್ ಎಬ್ಬಿಸಲು 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂ ಪರಿವರ್ತನೆ ಆಗಲೇಬೇಕು. ಬಾಗಳಿಯಂತಹ ಕೇಂದ್ರ ಸಂರಕ್ಷಿತ ಸ್ಮಾರಕವಿದ್ದಲ್ಲಿ ಅದರ ಎಲ್ಲೆಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡವೇ ಸಲ್ಲದು. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. 2010ರ ಈ ತಿದ್ದುಪಡಿಯನ್ನು ತಿಳಿಯದೆ ದೇವಸ್ಥಾನದೆದುರಿಗೇ ಪಾಯ ತೆಗೆದರೆ ಹಣ ಪಾಯದಲ್ಲೇ ಉಳಿಯುತ್ತದೆ. ಪಂಚಾಯಿತಿಯ ವ್ಯಾಪಾರ ಪರವಾನಗಿ ಇವೆರಡಕ್ಕೂ ಬದಲಿಯಾಗುವುದಿಲ್ಲ.

ಈಚೆಗೆ ವ್ಯಾಪಾರದ ರೀತಿಯೂ ಬದಲಾಗಿದೆ. ದೊಡ್ಡ ಕಂಪನಿಗಳು ತಾವೇ ಕಟ್ಟುವುದನ್ನು ಕಡಿಮೆ ಮಾಡಿವೆ. ಕಟ್ಟಡ, ಸಾಲ, ಕಂದಾಯ ಒಬ್ಬರದು. ಹೆಸರು ಮತ್ತು ನಡೆಸುವ ವಿದ್ಯೆ ಕಂಪನಿಯದು. ವಹಿವಾಟಿನಲ್ಲಿ ಕಂಪನಿಗೆ ಶುಲ್ಕ ಮೊದಲು, ಮಾಲೀಕನಿಗೆ ಉಳಿದದ್ದು ಆಮೇಲೆ. ಸಣ್ಣ ಲಾಡ್ಜುಗಳ ಮೇಲೂ ಹೊರಗಿನ ಬೋರ್ಡುಗಳು ಬಂದಿವೆ. 2013ರಲ್ಲಿ ಆರಂಭವಾದ ಓಯೋ ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ. ಮೊಬೈಲಿನಲ್ಲಿ ಕೋಣೆ ಕಾದಿರಿಸುವ ಸಂಸ್ಥೆಗಳ ಕೈ ಎಷ್ಟು ಮೇಲಾಯಿತೆಂದರೆ 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೋ ಮತ್ತು ಓಯೋ ಮೇಲೆ ಒಟ್ಟು 392 ಕೋಟಿ ರೂಪಾಯಿಗಳಷ್ಟು ದಂಡ ವಿಧಿಸಿತು. ಕೂಡ್ಲಿಗಿಯ ಲಾಡ್ಜ್ ಮಾಲೀಕನೂ ಸಹಿ ಹಾಕುವ ಮುನ್ನ ಒಪ್ಪಂದದ ಅವಧಿ, ಶುಲ್ಕ, ಬಿಡುಗಡೆಯ ಷರತ್ತು ಓದಬೇಕು. ಇಂಗ್ಲಿಷ್ ಬರದಿದ್ದರೆ ಕಾಲೇಜಿಗೆ ಹೋಗುವ ಮಗಳಿಂದ ಓದಿಸಬೇಕು.

ತೆರಿಗೆಯೂ ಒಂದೆಡೆ ನಿಂತಿಲ್ಲ. ದಿನಕ್ಕೆ 1,000 ರೂಪಾಯಿಯೊಳಗಿನ ಕೋಣೆಗಳಿಗಿದ್ದ ಜಿಎಸ್‌ಟಿ ವಿನಾಯಿತಿ 2022ರ ಜುಲೈನಲ್ಲಿ ಹೋಗಿ ಶೇ 12 ಬಿತ್ತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಕೋಣೆಗಳಿಗೆ ಶೇ 5 ಆಗಿದೆ. ಆದರೆ ಹಾಸಿಗೆ, ಟಿವಿ ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಮಾಲೀಕ ಇದರಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ.

ವಿದ್ಯಾರ್ಥಿಗಳು ಮರೆಯಬಾರದ ಇನ್ನೊಂದು ಕಾನೂನಿದೆ. ನಮ್ಮ ಸಂವಿಧಾನದ 15ನೇ ವಿಧಿಯ ಎರಡನೇ ಖಂಡದಲ್ಲಿ ಹೋಟೆಲಿನ ಹೆಸರೇ ಬರುತ್ತದೆ. ಜಾತಿ, ಧರ್ಮ, ಲಿಂಗ, ಹುಟ್ಟಿದ ಊರು ನೋಡಿ ಯಾರನ್ನೂ ಅದರ ಬಾಗಿಲಲ್ಲಿ ತಡೆಯುವಂತಿಲ್ಲ. ಚಹಾದ ಲೋಟ ಬೇರೆ ಇಡುತ್ತಿದ್ದ ನಾಡಿನಲ್ಲಿ ಈ ಸಾಲು ಅಲ್ಲಿ ಸುಮ್ಮನೆ ಸೇರಿದ್ದಲ್ಲ.

ನನ್ನನ್ನು ಕೇಳಿದರೆ ಈ ಸೀಮೆಗೆ ಈಜುಕೊಳದ ರೆಸಾರ್ಟ್ ಬೇಡ. ಬಯಲುಸೀಮೆಯ ಕೊಳವೆಬಾವಿಗೆ ಅದನ್ನು ತುಂಬಿಸುವ ಶಕ್ತಿಯೂ ಇಲ್ಲ. ಕೊಟ್ಟೂರಿನಲ್ಲಿ ಯಾತ್ರಿಕರಿಗೆ, ಹಗರಿಬೊಮ್ಮನಹಳ್ಳಿಯಲ್ಲಿ ಹಕ್ಕಿ ನೋಡುವವರಿಗೆ ಚೊಕ್ಕಟವಾದ ಹತ್ತು ಹನ್ನೆರಡು ಕೋಣೆಗಳು, ಶಾಲಾ ಮಕ್ಕಳಿಗೆ ಎರಡು ದೊಡ್ಡ ಹಾಲ್ ಇದ್ದರೆ ಸಾಕು. ಪ್ರವಾಸಿಗರಿಲ್ಲದ ದಿನಗಳಲ್ಲಿ ಔಷಧ ಕಂಪನಿಯ ಪ್ರತಿನಿಧಿಗಳು, ಬೀಜ-ಗೊಬ್ಬರದ ವ್ಯಾಪಾರಿಗಳು, ಪರೀಕ್ಷೆ ಬರೆಯಲು ಬಂದವರು ತಂಗುತ್ತಾರೆ. ಒಂಬತ್ತರ ಲೆಕ್ಕ ಕೂಡುವುದು ಇಂಥವರಿಂದಲೇ.

ಅಂಕಸಮುದ್ರಕ್ಕೆ ಹೋಗುವವರು ಚಳಿಗಾಲದಲ್ಲಿ, ಬೆಳಗಿನ ಏಳು ಗಂಟೆಯೊಳಗೆ ಏರಿಯ ಮೇಲಿರಬೇಕು. ಹೊಸಪೇಟೆಯಲ್ಲಿ ಮಲಗಿ ಎದ್ದರೆ ಕತ್ತಲಲ್ಲೇ ಹೊರಡಬೇಕಾಗುತ್ತದೆ.