ಮಹಾರಾಯರು ಬಂದಿರಾ?

ನಮ್ಮ ಕಾಸರಗೋಡಿನ ಕಡೆಯ ಮಕ್ಕಳಿಗೆ ವ್ಯಂಗ್ಯವನ್ನು ಯಾರೂ ಬೇರೆಯಾಗಿ ಕಲಿಸಬೇಕಿಲ್ಲ. ಆಟ ಮುಗಿಸಿ ಕತ್ತಲಾದ ಮೇಲೆ ಮನೆಗೆ ಬಂದ ಹುಡುಗನಿಗೆ ಅಜ್ಜಿ, "ಮಹಾರಾಯರು ಬಂದಿರಾ? ಇಷ್ಟು ಬೇಗ ಯಾಕೆ ಬಂದಿರಿ?" ಎಂದರೆ ಸಾಕು, ಅವನು ಸದ್ದಿಲ್ಲದೆ ಕಾಲು ತೊಳೆಯಲು ಹೋಗುತ್ತಾನೆ. ಬೈದ ಪದ ಒಂದೂ ಇಲ್ಲ, ಬಹುವಚನವೇ ಬೈಗುಳ. ತುಳುವಿನಲ್ಲಿ 'ಈ' ಎನ್ನುತ್ತಿದ್ದ ಅಮ್ಮ ಇದ್ದಕ್ಕಿದ್ದಂತೆ 'ಈರ್' ಎಂದರೂ, ನೆರೆಮನೆಯ ಮಲಯಾಳದಲ್ಲಿ 'ನೀ' ಹೋಗಿ 'ನಿಙ್ಙಳ್' ಬಂದರೂ ಮಕ್ಕಳಿಗೆ ಗೊತ್ತು, ಮರ್ಯಾದೆ ಏರಿತೆಂದರೆ ಪೆಟ್ಟು ಹತ್ತಿರ ಬಂತೆಂದು.

ಅದೇ ಹುಡುಗ ಹಿರಿಯ ಪ್ರಾಥಮಿಕ (ಯು.ಪಿ.) ಶಾಲೆಯ ಇಂಗ್ಲಿಷ್ ಪಾಠದಲ್ಲಿ ಎಡವುತ್ತಾನೆ. ಹಾಲು ಚೆಲ್ಲಿದವನಿಗೆ ಯಾರೋ 'ಬ್ರಿಲಿಯಂಟ್' ಎಂದರೆ ತರಗತಿಗೆ ತರಗತಿಯೇ ಅದನ್ನು ಹೊಗಳಿಕೆಯೆಂದು ಓದುತ್ತದೆ. ಈ ಮಕ್ಕಳನ್ನು ಇಂಗ್ಲಿಷಿನಲ್ಲಿ ಯಾರೂ ಮನಸಾರೆ ಬೈದಿಲ್ಲ, ಗೇಲಿ ಮಾಡಿಲ್ಲ. ಅವರ ಪಾಲಿಗೆ ಅದು ಅಚ್ಚಿನಲ್ಲಿ ಮಾತ್ರ ಇರುವ ಭಾಷೆ, ಅಚ್ಚಾದದ್ದೆಲ್ಲ ನಿಜ. ಮೇಲಾಗಿ 'ಯೂ' ಎಂಬುದರಲ್ಲಿ ಮರ್ಯಾದೆಯ ಏರಿಳಿತವಿಲ್ಲ. ಅಜ್ಜನಿಗೂ ಅದೇ, ನಾಯಿಮರಿಗೂ ಅದೇ. ಅಜ್ಜಿಯ ಮಾತಿನಲ್ಲಿ ಸಿಗುತ್ತಿದ್ದ ಸುಳಿವು ಇಲ್ಲಿ ಸಿಗುವುದಿಲ್ಲ.

ಹೀಗಿರುವಾಗ ಈ ವ್ಯಂಗ್ಯಕ್ಕೆ ಇಂಗ್ಲಿಷ್ ಪಾಠ ಕೊಡುವ ಹೆಸರಾದ ಐರನಿಯ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸಿ ಏನು ಫಲ? ಆಡಿದ ಮಾತನ್ನೂ ನಡೆದ ಸಂಗತಿಯನ್ನೂ ಅಕ್ಕಪಕ್ಕ ಇಟ್ಟು ನೋಡಿಸಬೇಕು. ಶೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ನಾಟಕದಲ್ಲಿ ಸೀಸರನ ಹೆಣವನ್ನು ಎದುರಿಗಿಟ್ಟುಕೊಂಡೇ ಆಂಟನಿ, ಕೊಂದ ಬ್ರೂಟಸನನ್ನು ಗೌರವಸ್ಥನೆಂದು ಮತ್ತೆ ಮತ್ತೆ ಕರೆಯುತ್ತಾನೆ. ಮೊದಲು ಹೊಗಳಿಕೆಯಂತೆ ಕೇಳಿಸಿದ್ದು ಸಲಸಲಕ್ಕೂ ತಿರುಗುತ್ತ ಹೋಗಿ ಜನ ದಂಗೆಯೇಳುತ್ತಾರೆ. ಕತೆ ಹೇಳಿ, ಆ ಒಂದು ಮಾತನ್ನು ಮಕ್ಕಳ ಬಾಯಲ್ಲಿ ಬೇರೆ ಬೇರೆ ದನಿಯಲ್ಲಿ ಆಡಿಸಿ ನೋಡಬೇಕು. ವೇಷವಿಲ್ಲದೆ, ಕುಣಿತವಿಲ್ಲದೆ, ಎದುರಾಳಿಯನ್ನು ಹೊಗಳಿಯೇ ಕೆಡವುವ ತಾಳಮದ್ದಳೆ ಇರುವ ನೆಲ ಇದು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಬೆಳಗಿನವರೆಗೆ ಕೇಳಿದವರ ಮೊಮ್ಮಕ್ಕಳಿಗೆ ಆಂಟನಿ ಪರಕೀಯನಾಗಬೇಕಿಲ್ಲ.

ನೋಡುವವರಿಗೆ ಗೊತ್ತಿದ್ದು ಪಾತ್ರಕ್ಕೆ ಗೊತ್ತಿಲ್ಲದ ಬಗೆಯ ಐರನಿಗೆ ಕುಂಬಳೆಯ ಪಾರ್ತಿಸುಬ್ಬನ ಹೆಸರಿನ ಯಕ್ಷಗಾನ ರಾಮಾಯಣ ಪ್ರಸಂಗಗಳು ಸಾಕು. ಭಿಕ್ಷೆಗೆ ಬಂದ ಸನ್ಯಾಸಿ ರಾವಣನೆಂದು ಸೀತೆಗೆ ತಿಳಿಯದು, ನಿದ್ದೆಗಣ್ಣಲ್ಲಿ ಮುಂದೆ ಕೂತ ಮಗುವಿಗೆ ತಿಳಿದಿದೆ.

ಇಷ್ಟು ಕಲಿಸಿದ ಮೇಲೆ ಒಂದು ಎಚ್ಚರ ಬೇಕು. ಕೇರಳ-ಕರ್ನಾಟಕದ ಈ ಗಡಿಯಲ್ಲಿ ವ್ಯಂಗ್ಯ ಎರಗುವುದು ಹೆಚ್ಚಾಗಿ ಉಚ್ಚಾರದ ಮೇಲೆ. ಕನ್ನಡದ ಮಗುವಿನ ತಡವರಿಸುವ ಮಲಯಾಳಕ್ಕೆ ಕಚೇರಿಯ ಕೌಂಟರಿನ ಆಚೆಯಿಂದ "ಎಷ್ಟು ಚಂದ ಮಾತಾಡುತ್ತೀ" ಎಂಬ ಮೆಚ್ಚುಗೆ ಬರುತ್ತದೆ. ಮಲಯಾಳಿ ಹುಡುಗನ ಕನ್ನಡಕ್ಕೆ ನಮ್ಮವರೂ ಅಷ್ಟೇ ಚಂದವಾಗಿ ತಲೆದೂಗುತ್ತಾರೆ. ಆಂಟನಿಯ ಮಾತು ತಟ್ಟಿದ್ದು ಅಧಿಕಾರ ಹಿಡಿದವರಿಗೆ, ಇದು ತಟ್ಟುವುದು ಕಲಿಯುತ್ತಿರುವವರಿಗೆ. ತಪ್ಪು ಸ್ಪೆಲ್ಲಿಂಗ್ ಕಂಡ ಮಾಷ್ಟ್ರು "ಏನು ಪಾಂಡಿತ್ಯ!" ಎಂದರೆ ಅದೂ ಇದೇ ಸಾಲಿಗೆ ಸೇರುತ್ತದೆ.

ಪರೀಕ್ಷೆಯಲ್ಲಿ ಐರನಿ ಎಂದರೇನು ಎಂದು ಕೇಳುವ ಬದಲು, ಈ ಮಾತು ಯಾರಿಗೆ ತಟ್ಟಲೆಂದು ಆಡಿದ್ದು, ಅವನು ತಿರುಗಿ ಮಾತಾಡುವ ಸ್ಥಿತಿಯಲ್ಲಿದ್ದಾನೆಯೇ ಎಂದು ಕೇಳಲಿ. ಅರ್ಧಂಬರ್ಧ ಇಂಗ್ಲಿಷಿನ ನಮ್ಮ ಹುಡುಗರೂ ಉತ್ತರ ಬರೆದಾರು. ಮೂರು ಭಾಷೆಗಳಲ್ಲಿ ಹೊಗಳಿಸಿಕೊಂಡ ಅನುಭವ ಅವರಿಗಿದೆ.