ಊರಲ್ಲೇ ಉಳಿದವರು

ಮಲೆನಾಡಿನ ಸಣ್ಣ ಊರಿನ ಟೀಚರಾದ ನನಗೆ ಕ್ರಿಸ್‌ಮಸ್ ಎಂದರೆ ಒಂದು ದಿನದ ರಜೆ, ಅಷ್ಟೇ. ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿ ಮುಗಿಸುವುದರಲ್ಲಿ ಅದೂ ಕಳೆದುಹೋಗುತ್ತದೆ.

2023ರ ಡಿಸೆಂಬರಿನಲ್ಲಿ ಗಳಿಕೆ ರಜೆ ಹಾಕಿ, ಹತ್ತು ವರ್ಷದಿಂದ ಕರೆಯುತ್ತಿದ್ದ ತಮ್ಮನ ಮನೆಗೆ, ನ್ಯೂಜೆರ್ಸಿಗೆ ಹೋದೆ. ಹೊರಗೆ ಕೊರೆಯುವ ಚಳಿ. ನಾಲ್ಕೂವರೆಗೆಲ್ಲ ಕತ್ತಲು. ಒಳಗೆ ಕೂತವರಿಗೆ ಟೀವಿಯೇ ಗತಿ. ಅಲ್ಲಿನ ಟೀವಿಗೋ ಡಿಸೆಂಬರ್ ಪೂರ್ತಿ ಕ್ರಿಸ್‌ಮಸ್ಸೇ. ಏರ್‌ಗನ್ನು ಬೇಕೆಂದು ಹಟ ಹಿಡಿದ ಹುಡುಗನ ಕಥೆಯ 'ಎ ಕ್ರಿಸ್‌ಮಸ್ ಸ್ಟೋರಿ' ಎಂಬ 1983ರ ಚಿತ್ರವನ್ನು ಇಪ್ಪತ್ತನಾಲ್ಕು ಗಂಟೆ ಬಿಡದೆ ತೋರಿಸುವುದಾಗಿ ಜಾಹೀರಾತು ಬರುತ್ತಿತ್ತು. "ಇದೇನು, ಅಖಂಡ ಭಜನೆಯೆ?" ಎಂದೆ. ತಮ್ಮನ ಮಗಳು ಬಿದ್ದು ಬಿದ್ದು ನಕ್ಕಳು.

"ಅತ್ತೆ, ನೋಡಬೇಕಾದ ಸಿನಿಮಾ ಬೇರೆ ಇದೆ" ಎಂದು ಹಬ್ಬದ ಹಿಂದಿನ ರಾತ್ರಿ ಅವಳು ಹಾಕಿದ್ದು 1946ರ ಕಪ್ಪುಬಿಳುಪು ಚಿತ್ರ, 'ಇಟ್ಸ್ ಎ ವಂಡರ್‌ಫುಲ್ ಲೈಫ್'. ನಿರ್ದೇಶಕ ಫ್ರಾಂಕ್ ಕಾಪ್ರಾ. ಬಿಡುಗಡೆಯಾದಾಗ ಹಾಕಿದ ದುಡ್ಡೂ ಹುಟ್ಟಲಿಲ್ಲವಂತೆ. 1974ರಲ್ಲಿ ಅದರ ಹಕ್ಕುಸ್ವಾಮ್ಯವನ್ನು ನವೀಕರಿಸುವುದು ತಪ್ಪಿಹೋಯಿತು. ಪುಕ್ಕಟೆ ಸಿಕ್ಕಿತೆಂದು ಸಣ್ಣಪುಟ್ಟ ಟೀವಿ ಕೇಂದ್ರಗಳು ಪ್ರತಿ ಡಿಸೆಂಬರಿನಲ್ಲೂ ತೋರಿಸಿದವು. ನೋಡಿ ನೋಡಿಯೇ ಜನ ಅದನ್ನು ಹಬ್ಬಕ್ಕೆ ಸೇರಿಸಿಕೊಂಡರು. 1994ರಲ್ಲಿ ಪ್ರಸಾರದ ಹಕ್ಕು ಎನ್‌ಬಿಸಿ ವಾಹಿನಿಯ ಪಾಲಾದ ಮೇಲೂ ಪದ್ಧತಿ ತಪ್ಪಿಲ್ಲ. ಚಿತ್ರದಲ್ಲಿ ಬೀಳುವ ಹಿಮ ಕೂಡ ಹಿಮವಲ್ಲ, ಬೆಂಕಿ ಆರಿಸುವ ನೊರೆಗೆ ಸೋಪು, ನೀರು ಬೆರೆಸಿ ಬೇಸಿಗೆಯ ಬಿಸಿಲಿನಲ್ಲಿ ಎರಚಿದ್ದು ಎಂದಳು ಹುಡುಗಿ.

ಹಿಮ ಸುಳ್ಳಾದರೂ ಕಥೆ ನನ್ನದೇ ಆಗಿತ್ತು. ಜಾರ್ಜ್ ಬೇಲಿಗೆ ಊರು ಬಿಟ್ಟು ಜಗತ್ತು ನೋಡುವ ಆಸೆ. ಹೊರಡುವ ಹೊತ್ತಿಗೆ ಅಪ್ಪ ತೀರಿಕೊಳ್ಳುತ್ತಾನೆ. ಬಡವರಿಗೆ ಮನೆ ಸಾಲ ಕೊಡುವ ಅಪ್ಪನ ಸಂಸ್ಥೆ ಮುಚ್ಚಬಾರದೆಂದು ಇವನು ಊರಲ್ಲೇ ಉಳಿದು, ತನ್ನ ಓದಿನ ಹಣವನ್ನು ತಮ್ಮನಿಗೆ ಕೊಡುತ್ತಾನೆ.

1988ರಲ್ಲಿ ನನ್ನ ಬಿ.ಎ. ಫಲಿತಾಂಶ ಬಂದ ತಿಂಗಳೇ ನಮ್ಮಪ್ಪ ಹೋದರು. ಮಾನಸಗಂಗೋತ್ರಿಯಲ್ಲಿ ಸಿಕ್ಕ ಎಂ.ಎ. ಸೀಟು ಬಿಟ್ಟು, ಬೇಗ ಕೆಲಸ ಸಿಗಲೆಂದು ಬಿ.ಎಡ್. ಮಾಡಿದೆ. ನನ್ನ ಸಂಬಳದಲ್ಲಿ ತಮ್ಮ ಇಂಜಿನಿಯರಿಂಗ್ ಓದಿದ. ಇದನ್ನು ಯಾರೆದುರೂ ಆಡಿದವಳಲ್ಲ. ಆಡಲಿಲ್ಲವೆಂದರೆ ಮರೆತಿದ್ದೇನೆಂದಲ್ಲ. ಅವನು ವಿಮಾನದ ಟಿಕೆಟ್ ಕಳಿಸಿದಾಗಲೂ, ಸಾಲ ತೀರಿಸುತ್ತಿದ್ದಾನೆ ಎಂದು ಒಳಗೊಳಗೇ ಲೆಕ್ಕ ಹಾಕಿದೆ.

ಜಾರ್ಜ್ ನನಗೆ ಹಿಡಿಸಿದ್ದು ತ್ಯಾಗಕ್ಕಲ್ಲ, ಸಿಟ್ಟಿಗೆ. ಸಂಸ್ಥೆಯ ಹಣ ಕಳೆದುಹೋದ ದಿನ ಮನೆಗೆ ಬಂದು ಮಕ್ಕಳ ಮೇಲೆ ರೇಗುತ್ತಾನೆ. ಮಗಳ ಟೀಚರಿಗೆ ಫೋನಿನಲ್ಲೇ ಬೈಯುತ್ತಾನೆ. ಟೀಚರಾಗಿಯೂ ನನಗೆ ಕೋಪ ಬರಲಿಲ್ಲ. ಎಷ್ಟು ವರ್ಷ ನುಂಗಿಕೊಂಡಿದ್ದನೋ ಪಾಪ, ಅನ್ನಿಸಿತು.

ಸಾಯಲು ಹೊರಟ ಅವನಿಗೆ ದೇವದೂತನೊಬ್ಬ, ಅವನು ಹುಟ್ಟದೇ ಇದ್ದಿದ್ದರೆ ಊರು ಹೇಗಿರುತ್ತಿತ್ತೆಂದು ತೋರಿಸುತ್ತಾನೆ. ಚಿಕ್ಕಂದಿನಲ್ಲಿ ನೀರಿನಿಂದ ಇವನು ಎಳೆದು ಉಳಿಸಿದ್ದ ತಮ್ಮನ ಗೋರಿ ಅಲ್ಲಿದೆ. ಆ ದೃಶ್ಯ ಬಂದಾಗ ನನ್ನ ತಮ್ಮ ಎದ್ದು ಅಡಿಗೆಮನೆಗೆ ಹೋದ. ಬಹಳ ಹೊತ್ತು ಬರಲಿಲ್ಲ. ಹೋಗಿ ನೋಡಿದರೆ, ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದ.

"ಪ್ರತಿ ವರ್ಷ ಹಾಕ್ತಾಳೆ ಅಕ್ಕಾ. ಒಂದು ಸಲವೂ ನಾನು ಪೂರ್ತಿ ನೋಡಿಲ್ಲ" ಎಂದ. ನಲ್ಲಿ ನಿಲ್ಲಿಸಿದ. "ಇಲ್ಲಿಗೆ ಹೊರಟ ದಿನ ಅಮ್ಮನ ಪೆಟ್ಟಿಗೆಯಲ್ಲಿ ನಿನ್ನ ಎಂ.ಎ. ಸೀಟಿನ ಕಾಗದ ಸಿಕ್ಕಿತ್ತು."

ಇಷ್ಟು ವರ್ಷ ನಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದೆ. ಅವನೂ ಹೊತ್ತಿದ್ದ.

"ಲೋಟ ಇಡು. ಕೊನೆ ನೋಡೋಣ ಬಾ" ಎಂದೆ.

ಕೊನೆಯಲ್ಲಿ ಊರಿಗೆ ಊರೇ ಜಾರ್ಜನ ಮನೆಗೆ ಹಣ ತಂದು ಸುರಿಯುತ್ತದೆ. ನಮ್ಮೂರು ಹಾಗೆ ಸುರಿದೀತೆಂಬ ಭ್ರಮೆ ನನಗಿಲ್ಲ. ಆದರೆ ಬಸ್ಸು ಹತ್ತಿದರೆ "ಟೀಚರ್, ಕೂತ್ಕೊಳ್ಳಿ" ಎಂದು ಎದ್ದು ಜಾಗ ಬಿಡುವವರು ಒಬ್ಬರಾದರೂ ಇರುತ್ತಾರೆ. ಆ ಲೆಕ್ಕವನ್ನು ನಾನು ಹಾಕಿಯೇ ಇರಲಿಲ್ಲ.